ಮಗುವಿನ ಕಾರ್ ಸೀಟಿಗೊಂದು ಕಾಲ್ಮಣೆ

ಮುಕ್ಕಾಲು ಗಂಟೆಯ ಪ್ರಯಾಣ ದಾಟಿತೆಂದರೆ ಹಿಂದಿನ ಸೀಟಿನಿಂದ "ಅಮ್ಮಾ, ಕಾಲಲ್ಲಿ ಇರುವೆ ಓಡ್ತಿದೆ" ಎಂಬ ದೂರು ಬರುವುದು ಕೆಲವು ತಿಂಗಳಿಂದ ವಾಡಿಕೆಯಾಗಿತ್ತು. ಮೊದಲ ಸಲ ನಿಜವಾಗಿಯೂ ಇರುವೆಯೆಂದೇ ನಂಬಿ, ಗಾಡಿಯನ್ನು ಬದಿಗೆ ನಿಲ್ಲಿಸಿ, ಸೀಟಿನ ಹೊದಿಕೆಯನ್ನೆಲ್ಲ ಕಳಚಿ ಕೊಡವಿದ್ದೆ. ಜೋಮು ಹಿಡಿಯುವುದಕ್ಕೆ ನಾಲ್ಕು ವರ್ಷದ ಮಗಳು ಕಟ್ಟಿಕೊಂಡ ಮಾತು ಅದೆಂದು ಹೊಳೆದದ್ದು ಎರಡನೆಯ ಸಲ, ಕೆಳಗಿಳಿಸಿದೊಡನೆ ಎಡಗಾಲನ್ನು ಊರಲಾಗದೆ ಅವಳು ಕುಂಟಿದಾಗ.

ಕಾರಿನ ಸೀಟಿನ ಮೇಲೆ ಬಿಗಿದು ಮಗುವನ್ನು ಮುಮ್ಮುಖವಾಗಿ ಕೂರಿಸುವ ಮಕ್ಕಳ ಸೀಟಿನಲ್ಲಿ ಮಗುವಿನ ಪಾದ ಕಾರಿನ ನೆಲಕ್ಕೆ ಎಟುಕುವುದಿಲ್ಲ. ನೇತಾಡುವ ಕಾಲಿನ ಭಾರವನ್ನೆಲ್ಲ ಸೀಟಿನ ಮುಂದಿನ ಅಂಚು ತೊಡೆಯ ಕೆಳಬದಿಯಲ್ಲಿ ಹೊರುತ್ತದೆ. ಮೊಣಕಾಲಿನ ಹಿಂಭಾಗದ ಮೆದು ಜಾಗದಲ್ಲಿ ಹಾದುಹೋಗುವ ನರಗಳೂ ರಕ್ತನಾಳಗಳೂ ಆ ಅಂಚಿಗೇ ಒತ್ತಿಕೊಳ್ಳುತ್ತವೆ. ದೊಡ್ಡವರಲ್ಲಿ ಮೊಣಕಾಲಿನಿಂದ ಕೆಳಗಿನ ಒಂದು ಕಾಲು ಮೈತೂಕದ ಸುಮಾರು ಶೇ. 6ರಷ್ಟಿರುತ್ತದೆ ಎಂಬ ಲೆಕ್ಕವನ್ನು 16 ಕೆ.ಜಿ. ತೂಗುವ ಮಗಳಿಗೆ ಹಚ್ಚಿದರೆ ಎರಡು ಕಾಲಿಗೆ 2 ಕೆ.ಜಿ. ಆಸುಪಾಸು ಬರುತ್ತದೆ. ಲೆಕ್ಕವನ್ನಷ್ಟೇ ನೆಚ್ಚಿಕೊಳ್ಳದೆ, ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಅಡುಗೆಮನೆಯ ತಕ್ಕಡಿಯನ್ನಿಟ್ಟು ಅವಳ ಪಾದಗಳನ್ನು ಅದರ ಮೇಲೆ ಇರಿಸಿ ನೋಡಿದೆ. ಅವಳು ಸುಮ್ಮನಿದ್ದಾಗ ಅಂಕಿ 1.7ರಿಂದ 2.1 ಕೆ.ಜಿ.ವರೆಗೆ ಅತ್ತಿತ್ತ ಆಡುತ್ತಿತ್ತು. ಅದು ಆಟವೆಂದು ತಿಳಿದು ಅವಳು ಒಮ್ಮೆ ಜೋರಾಗಿ ತುಳಿದದ್ದೇ ತಡ, 5 ಕೆ.ಜಿ. ಮಿತಿಯ ಆ ತಕ್ಕಡಿ ಅಂಕಿ ತೋರಿಸುವುದನ್ನೇ ಬಿಟ್ಟಿತು. ಹಾಗಾಗಿ ನಾನು ಮಾಡುವ ವಸ್ತು ನಿತ್ಯ ಹೊರಬೇಕಾದದ್ದು ಎರಡು ಕೆ.ಜಿ., ತಾಳಿಕೊಳ್ಳಬೇಕಾದದ್ದು ಅದರ ಹಲವು ಪಟ್ಟು ಎಂಬುದು ಅಲ್ಲಿಗೆ ಖಚಿತವಾಯಿತು.

ಜೋಮಿನ ದೂರೊಂದೇ ಆಗಿದ್ದರೆ ಆಗಾಗ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿದರೆ ಸಾಕಿತ್ತು. ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಅವಳು ಕೂರುವ ಭಂಗಿ. ಕಾಲಿಗೆ ಆಸರೆಯಿಲ್ಲದ ಮಗು ಮೊಣಕಾಲನ್ನು ಅಂಚಿನಾಚೆಗೆ ಮಡಿಸುವುದಕ್ಕಾಗಿ ಮುಂದಕ್ಕೆ ಜಾರುತ್ತಾ ಹೋಗುತ್ತದೆ. ಹಾಗೆ ಜಾರಿದಂತೆಲ್ಲ ಬೆನ್ನು ಬಿಲ್ಲಾಗುತ್ತದೆ, ಸೊಂಟದ ಮೂಳೆಯ ಮೇಲೆ ಕೂರಬೇಕಾದ ಬೆಲ್ಟಿನ ಪಟ್ಟಿ ಹೊಟ್ಟೆಯ ಮೆದು ಭಾಗಕ್ಕೆ ಏರುತ್ತದೆ. ಗುದ್ದಿದ ಕ್ಷಣದಲ್ಲಿ ಪಟ್ಟಿ ಮೂಳೆಯನ್ನು ಹಿಡಿಯುವುದಕ್ಕೂ ಹೊಟ್ಟೆಯನ್ನು ಹಿಡಿಯುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಇಲ್ಲೊಂದು ಮಾತು ಹೇಳಿಬಿಡಬೇಕು. ಈ ಕೆಲಸ ಹಿಮ್ಮುಖವಾಗಿ ಕೂರುವ ಮಕ್ಕಳಿಗೆ ಬೇಕಿಲ್ಲ. ಅವರ ಕಾಲು ಕಾರಿನ ಸೀಟಿನ ಬೆನ್ನಿಗೆ ತಾಗಿ ಮಡಿಸಿಕೊಂಡಂತೆ ಕಂಡರೂ ಚಕ್ಕಳಮಕ್ಕಳ ಹಾಕುವ ವಯಸ್ಸಿನಲ್ಲಿ ಅದು ಅವರಿಗೆ ಕಷ್ಟವೇ ಅಲ್ಲ. ಕಾಲಿಗೆ ಜಾಗವಿಲ್ಲವೆಂಬ ಒಂದೇ ಕಾರಣಕ್ಕೆ ಮಗುವನ್ನು ಅವಧಿಗೆ ಮುನ್ನ ಮುಮ್ಮುಖಕ್ಕೆ ತಿರುಗಿಸುವುದು, ಕಾಲಿನ ಸುಖಕ್ಕಾಗಿ ಕತ್ತು ಮತ್ತು ತಲೆಯ ರಕ್ಷಣೆಯನ್ನು ಬಿಟ್ಟುಕೊಟ್ಟಂತೆ.

ನನ್ನ ಮೊದಲ ಪ್ರಯತ್ನ ಪ್ಲೈವುಡ್ಡಿನದು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 12 ಮಿ.ಮೀ. ದಪ್ಪದ ಹಲಗೆ, ಎರಡು ಬಿಜಾಗ್ರಿ, ಮಡಚಬಹುದಾದ ಎರಡು ಕಾಲು, ಮೇಲೆ ಸ್ಪಂಜು ಹಾಸಿ ರೆಕ್ಸಿನ್ ಹೊದಿಸಿದ್ದು. ಮುಂದಕ್ಕೆ ಸರಿಯದಿರಲೆಂದು ಅದರಿಂದ ಹೊರಟ ಪಟ್ಟಿಯನ್ನು ಮಗುವಿನ ಸೀಟಿನ ಅಡಿಯಿಂದ ಹಾಯಿಸಿ ಹಿಂದೆ ಕಟ್ಟುವುದು ನನ್ನ ಯೋಜನೆ. ನೋಡಲು ಚೆನ್ನಾಗಿಯೇ ಇತ್ತು. ತೂಗಿದರೆ 1.9 ಕೆ.ಜಿ. ಇತ್ತು. ಕಾರಿನಲ್ಲಿ ಇಡುವ ಮುನ್ನ ಸೀಟಿನ ಕೈಪಿಡಿಯನ್ನು ಮತ್ತೊಮ್ಮೆ ತೆರೆದಾಗ, ಸೀಟಿನ ಜೊತೆ ಬಾರದ ಯಾವ ವಸ್ತುವನ್ನೂ ಸೀಟಿಗೆ ಸೇರಿಸಬಾರದು, ಸೀಟಿಗೂ ಕಾರಿಗೂ ನಡುವೆ ಏನನ್ನೂ ತುರುಕಬಾರದು ಎಂಬ ಸಾಲುಗಳು ಕಣ್ಣಿಗೆ ಬಿದ್ದವು. ಹಿಂದೆ ಓದಿದ್ದೆ, ಆದರೆ ಕೈಯಲ್ಲಿ ಗರಗಸವಿಲ್ಲದಾಗ ಓದಿದ ಎಚ್ಚರಿಕೆ ಬೇರೆ, ಕೆಲಸ ಮುಗಿಸಿದ ಮೇಲೆ ಓದುವ ಎಚ್ಚರಿಕೆ ಬೇರೆ.

ಆ ಸಾಲುಗಳಿಗೆ ಕಾರಣವಿದೆ. ಮಕ್ಕಳ ಕಾರ್ ಸೀಟುಗಳಿಗಿರುವ ಯುರೋಪಿನ ಆರ್129 ನಿಯಮದಂತೆ ಎದುರಿನಿಂದ ಗುದ್ದುವ ಪರೀಕ್ಷೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ನಡೆಯುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗವೂ ಅಷ್ಟೇ. ಆ ಪರೀಕ್ಷೆಯಲ್ಲಿ ಗೆದ್ದಿರುವುದು ಸೀಟಿನ ಕವಚ, ಬೆಲ್ಟು, ಸೀಟನ್ನು ಕಾರಿಗೆ ಕಚ್ಚಿಸುವ ಐಸೋಫಿಕ್ಸ್ ಕೊಂಡಿ, ಸೀಟಿನ ಮೇಲ್ಭಾಗವನ್ನು ಹಿಂದಕ್ಕೆ ಬಿಗಿಯುವ ಟೆದರ್ ಪಟ್ಟಿ ಎಲ್ಲವೂ ಸೇರಿದ ಒಂದು ಜೋಡಣೆ; ಅಡಿಯಲ್ಲಿ ನನ್ನ ಪಟ್ಟಿ ಹಾಯ್ದ ಸೀಟು ಯಾವ ಪರೀಕ್ಷೆಯನ್ನೂ ಕಂಡಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುದ್ದಿದಾಗ ಮಗುವಿನ ಕಾಲು ಇದ್ದಲ್ಲಿಯೇ ಇರುವುದಿಲ್ಲ, ಮೊಣಕಾಲಿನಿಂದ ಬಿಚ್ಚಿಕೊಂಡು ಮುಂದಕ್ಕೂ ಮೇಲಕ್ಕೂ ಬೀಸುತ್ತದೆ. ಮುಮ್ಮುಖ ಸೀಟಿನ ಮಕ್ಕಳ ಮೊಣಕಾಲ ಕೆಳಗಿನ ಮೂಳೆ ಮುರಿಯುವುದು ಬಹುಪಾಲು ಮುಂದಿನ ಸೀಟಿನ ಬೆನ್ನಿಗೆ ಹೀಗೆ ಬಡಿದೇ. ಆ ಹಾದಿಯಲ್ಲಿ ನಾನೊಂದು ಗಟ್ಟಿ ಹಲಗೆಯನ್ನೂ ಎರಡು ಲೋಹದ ಬಿಜಾಗ್ರಿಯನ್ನೂ ನಿಲ್ಲಿಸಲು ಹೊರಟಿದ್ದೆ. ಆ ಹಲಗೆಯ ಮೇಲೆ ಈಗ ಹೂವಿನ ಕುಂಡಗಳು ಕೂತಿವೆ.

ಮುಂದಿನ ಸೀಟಿನ ತಲೆದಿಂಬಿನ ಕಂಬಿಗಳಿಂದ ಬಟ್ಟೆಯ ಜೋಲಿ ಇಳಿಬಿಟ್ಟು ಪಾದಗಳನ್ನು ಅದರಲ್ಲಿ ಇರಿಸುವ ಇನ್ನೊಂದು ಉಪಾಯವೂ ತಲೆಯಲ್ಲಿ ಸುಳಿದಿತ್ತು. ಅದು ಹಗುರ, ಮೆದು, ಹೊಲಿಯಲು ಸುಲಭ. ಆದರೆ ಮಗುವಿನ ಎದುರಿಗೆ ತೂಗುವ ಎರಡು ಪಟ್ಟಿಗಳು ಎಂದಾದರೂ ಕತ್ತಿಗೆ ಸುತ್ತಿಕೊಳ್ಳಬಲ್ಲವು, ಪಾದ ಸಿಕ್ಕಿಕೊಂಡರೆ ಅವಸರದಲ್ಲಿ ಮಗುವನ್ನು ಹೊರಗೆಳೆಯಲು ಆಗದು. ಜೋಲಿಯನ್ನು ಸೀಟಿನ ಬೆನ್ನಿಗೆ ಸುತ್ತಿ ಬಿಗಿದರಂತೂ ಹಲವು ಕಾರುಗಳಲ್ಲಿ ಆ ಬೆನ್ನಿನ ಪಕ್ಕದಲ್ಲಿಯೇ ಅಡಗಿರುವ ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಗೆ ಅಡ್ಡವಾಗುತ್ತದೆ. ಅದನ್ನು ಕಾಗದದ ಮೇಲೆಯೇ ಬಿಟ್ಟೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಪೆದ್ದಾಗಿ ಕಾಣುವ ದಾರಿ: ಕಾರಿನ ನೆಲದ ಮೇಲೆ ನಿಂತು, ಮಗುವಿನ ಸೀಟನ್ನು ಎಲ್ಲಿಯೂ ಮುಟ್ಟದೆ, ಪಾದದ ಎತ್ತರಕ್ಕೆ ಬರುವ ಒಂದು ಫೋಮ್ ದಿಮ್ಮಿ. ಎರಡು ಕೆ.ಜಿ. ಭಾರಕ್ಕೆ ಕುಗ್ಗಬಾರದು, ಗುದ್ದಿದಾಗ ಇಲ್ಲವೇ ಇಲ್ಲವೆಂಬಂತೆ ನುಜ್ಜಾಗಬೇಕು. ಮೀನಖಂಡಕ್ಕೆ ಒರಗು ಕೊಡಬೇಕೋ, ಅಂಗಾಲಿಗೆ ನೆಲ ಕೊಡಬೇಕೋ ಎಂಬ ಪ್ರಶ್ನೆಯೂ ಇಲ್ಲಿಯೇ ಬಗೆಹರಿಯಿತು. ಮೀನಖಂಡಕ್ಕೆ ಆಸರೆ ಬೇಕೆಂದರೆ ಅದು ಸೀಟಿನ ಅಂಚಿಗೆ ಅಂಟಿಕೊಂಡೇ ಇರಬೇಕು, ಅಂಗಾಲಿಗಾದರೆ ಬೇಕಿಲ್ಲ.

ಮಗಳ ಬರಿಗಾಲಿನ ಹಿಮ್ಮಡಿಯಿಂದ ಮೊಣಕಾಲಿನ ಹಿಂಭಾಗದವರೆಗೆ 24.5 ಸೆಂ.ಮೀ. ಇತ್ತು. ಕಾರಿನ ನೆಲದಿಂದ ಸೀಟಿನ ಅಂಚಿನ ಎತ್ತರ 45 ಸೆಂ.ಮೀ. ಕಳೆದರೆ 20.5, ಹಾಗಾಗಿ 20 ಸೆಂ.ಮೀ. ಎತ್ತರದ ದಿಮ್ಮಿ ಎಂದು ತೀರ್ಮಾನಿಸಿದೆ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು, ಅವು ಗೊತ್ತಾದದ್ದು ಕತ್ತರಿಸಿದ ಮೇಲೆ. ಸೀಟಿನ ಅಂಚಿನಿಂದ ಮುಂದಿನ ಸೀಟಿನ ಬೆನ್ನಿಗೆ 37 ಸೆಂ.ಮೀ. ಅಂತರವಿತ್ತು. ದಿಮ್ಮಿಯ ಉದ್ದವನ್ನು 26 ಸೆಂ.ಮೀ.ಗೆ ನಿಲ್ಲಿಸಿ, 11 ಸೆಂ.ಮೀ.ಯನ್ನು ಖಾಲಿ ಬಿಟ್ಟೆ. ಅಲ್ಲಿ ಜಾಗವಿದೆಯಲ್ಲ ಎಂದು ತುಂಬಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಮುಂದಿನ ಸೀಟಿಗೂ ಪಾದಕ್ಕೂ ನಡುವೆ ದಿಮ್ಮಿ ಬಿಗಿಯಾಗಿ ಸಿಕ್ಕಿಕೊಂಡರೆ, ಆ ಸೀಟು ಹಿಂದಕ್ಕೆ ಬಂದ ಗಳಿಗೆಯಲ್ಲಿ ಒತ್ತಡವೆಲ್ಲ ಮಗುವಿನ ಕಾಲಿಗೇ ಹೋಗುತ್ತದೆ.

ಫೋಮ್ ಆರಿಸಲು ಮೂರು ಬಗೆಯ ತುಣುಕುಗಳನ್ನು ತಂದಿದ್ದೆ. ಸಾಮಾನ್ಯ ಸ್ಪಂಜು ಎರಡು ಕೆ.ಜಿ.ಗೆ ಪಾತಾಳ ಕಂಡಿತು. ಆಟದ ಮ್ಯಾಟುಗಳಲ್ಲಿ ಬಳಸುವ ಇವಿಎ ಚೆನ್ನಾಗಿ ಹೊತ್ತಿತು, ಆದರೆ ಭಾರ ಹೆಚ್ಚು. ಸೂಕ್ಷ್ಮ ಯಂತ್ರಗಳನ್ನು ಸಾಗಿಸುವ ಪೆಟ್ಟಿಗೆಗಳಲ್ಲಿ ಇರುವಂಥ ಕ್ರಾಸ್‌ಲಿಂಕ್ ಪಾಲಿಇಥಿಲೀನ್ ಫೋಮ್, ಘನ ಮೀಟರಿಗೆ 33 ಕೆ.ಜಿ. ಸಾಂದ್ರತೆಯದು, ಎರಡೂ ಕಡೆಗೆ ಸರಿಹೊಂದಿತು. ಅಂಗಳದಲ್ಲಿ ಮೂರರ ಚೂರುಗಳಿಗೂ ಬೆಂಕಿ ಹಚ್ಚಿ ನೋಡಿದೆ. ಸ್ಪಂಜು ಕಪ್ಪು ಹೊಗೆಯೊಂದಿಗೆ ಸರ್ರನೆ ಉರಿಯಿತು. ಉಳಿದೆರಡು ನಿಧಾನವಾಗಿ, ಕರಗಿ ತೊಟ್ಟಿಕ್ಕುತ್ತಾ ಉರಿದವು. ಕಾರಿನೊಳಗಿನ ಬಟ್ಟೆ, ಫೋಮುಗಳಲ್ಲಿ ಜ್ವಾಲೆ ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಹರಡಬಾರದೆಂದು ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮ ಹೇಳುತ್ತದೆ. ನನ್ನ ಅಂಗಳದ ಆಟ ಆ ಪರೀಕ್ಷೆಗೆ ಸಮವಲ್ಲವಾದ್ದರಿಂದ, ಕನಿಷ್ಠ ಹೊರಗಿನ ಹೊದಿಕೆಗಾದರೂ ವಾಹನಗಳ ಸೀಟಿಗೆಂದೇ ತಯಾರಾದ ಬಟ್ಟೆಯನ್ನು ಕೊಂಡೆ.

5 ಸೆಂ.ಮೀ. ದಪ್ಪದ ನಾಲ್ಕು ಹಾಳೆಗಳನ್ನು 36 ಸೆಂ.ಮೀ. ಅಗಲ, 26 ಸೆಂ.ಮೀ. ಉದ್ದಕ್ಕೆ ಕತ್ತರಿಸಿದೆ. ಇಂಥ ಫೋಮಿಗೆ ಗರಗಸ ಕೂಡದು, ಅಂಚು ಹಲ್ಲುಹಲ್ಲಾಗುತ್ತದೆ. ಉದ್ದ ಬ್ಲೇಡಿನ ಕಟರಿಗೆ ಮೇಣದಬತ್ತಿಯನ್ನು ಸವರಿ, ಒಂದೇ ಏಟಿಗೆ ಆಳಕ್ಕೆ ಹೋಗದೆ ನಾಲ್ಕೈದು ಸಲ ಎಳೆದರೆ ಬೆಣ್ಣೆ ಕೊಯ್ದ ಹಾಗೆ ಬರುತ್ತದೆ. ನಡುವಿನ ಎರಡು ಹಾಳೆಗಳಲ್ಲಿ 8 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದದ ಎರಡೆರಡು ಕಿಂಡಿಗಳನ್ನು ತೆಗೆದೆ. ತೂಕ ಇಳಿಯುವುದು ಒಂದು ಲಾಭವಾದರೆ, ಬಲವಾಗಿ ಒತ್ತಿದಾಗ ದಿಮ್ಮಿ ಒಳಕ್ಕೆ ಕುಸಿಯಲು ಜಾಗ ಸಿಗುವುದು ಇನ್ನೊಂದು. ಕಾರಿನ ನೆಲ ನಾನೆಣಿಸಿದಷ್ಟು ಸಮತಟ್ಟಾಗಿರಲಿಲ್ಲ. ರಟ್ಟನ್ನು ತುಂಡುತುಂಡಾಗಿ ಕತ್ತರಿಸಿ ನೆಲದ ಉಬ್ಬಿಗೆ ಒತ್ತಿ, ಅದೇ ಗೆರೆಯನ್ನು ಕೆಳಹಾಳೆಯ ಮೇಲೆ ಎಳೆದು ಕೊರೆದೆ.

ಹಾಳೆಗಳನ್ನು ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟಿನಿಂದ ಜೋಡಿಸಿ, ರಾತ್ರಿಯಿಡೀ ಭಾರವಿಟ್ಟು, ಬೆಳಗ್ಗೆ ಎಳೆದು ನೋಡಿ ತೃಪ್ತಿಪಟ್ಟುಕೊಂಡೆ. ಮೂರು ದಿನ ಕಾರು ಬಿಸಿಲಿನಲ್ಲಿ ನಿಂತಿತ್ತು. ನಾಲ್ಕನೆಯ ದಿನ ಬಾಗಿಲು ತೆರೆದಾಗ ಮೇಲಿನ ಎರಡು ಹಾಳೆಗಳು ಕೆಳಗಿನವುಗಳ ಮೇಲೆ ನಾಲ್ಕು ಬೆರಳಿನಷ್ಟು ಜಾರಿ, ಅಸಡ್ಡೆಯಿಂದ ಪೇರಿಸಿಟ್ಟ ಪುಸ್ತಕಗಳ ಹಾಗೆ ಓಲಿದ್ದವು. ನಡುವಿನಿಂದ ಅಂಟು ಜೇನಿನಂತೆ ನೂಲುನೂಲಾಗಿ ಎಳೆದುಕೊಂಡು ಬಂತು. ಮುಚ್ಚಿದ ಕಾರಿನೊಳಗಿನ ಗಾಳಿ ಬಿಸಿಲಿಗೆ 50 ಡಿಗ್ರಿಯನ್ನು ಮೀರಬಲ್ಲದು, ಆ ಶಾಖಕ್ಕೆ ಅಂಟು ಮೆತ್ತಗಾಗಿತ್ತು. ಅಲ್ಲದೆ ಪಾಲಿಇಥಿಲೀನಿನ ಮೇಲ್ಮೈ ಮೇಣದ ಹಾಗೆ, ಯಾವ ಅಂಟಿಗೂ ಅದು ಸುಲಭವಾಗಿ ಒಲಿಯುವುದಿಲ್ಲ. ಮಗಳ ಪಾದ ಮೇಲಿರುವಾಗ ಇದು ಜಾರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಎಲ್ಲವನ್ನೂ ಬಿಚ್ಚಿದೆ. ಅಂಟು ಮೆತ್ತಿದ ಪದರವನ್ನು ತೆಳ್ಳಗೆ ಸೀಳಿ ತೆಗೆಯಲು ಹೋಗಿ ಎರಡು ಹಾಳೆಗಳು ಹಾಳಾದವು, ಅವನ್ನು ಹೊಸದಾಗಿ ಕತ್ತರಿಸಬೇಕಾಯಿತು.

ಈ ಫೋಮಿಗೆ ಒಗ್ಗುವುದು ಅಂಟಲ್ಲ, ಬೆಸುಗೆ. ಸಾಮಾನ್ಯ ಪಾಲಿಇಥಿಲೀನ್ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ. ಹಾಟ್ ಏರ್ ಗನ್ನಿನಿಂದ ಎರಡು ಮುಖಗಳಿಗೂ ಒಟ್ಟಿಗೆ ಬಿಸಿಗಾಳಿ ಹಾಯಿಸಿ, ಮಂಕಾಗಿದ್ದ ಮೇಲ್ಮೈ ಎಣ್ಣೆ ಸವರಿದಂತೆ ಹೊಳಪೇರಿದ ಕೂಡಲೇ ಒಂದರ ಮೇಲೊಂದು ಇಟ್ಟು ಒತ್ತಿದರೆ ಎರಡೂ ಒಂದೇ ಆಗಿಬಿಡುತ್ತವೆ. ಆ ಹೊಳಪು ಎರಡು ಮೂರು ಸೆಕೆಂಡಿನ ಸೌಭಾಗ್ಯ ಮಾತ್ರ. ತಡವಾದರೆ ಆರಿಹೋಗುತ್ತದೆ, ಗನ್ನನ್ನು ಒಂದೇ ಕಡೆ ಹಿಡಿದರೆ ಫೋಮ್ ಬತ್ತಿ ಗುಳಿ ಬೀಳುತ್ತದೆ. ಮೊದಲು ಚೂರುಗಳ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಹಾಳೆಯ ಒಂದು ಅಂಚಿನಿಂದ ಆರಂಭಿಸಿ ಕೈಯಗಲದಷ್ಟು ಬಿಸಿಮಾಡುವುದು, ಒತ್ತುವುದು, ಮತ್ತೆ ಮುಂದುವರಿಯುವುದು, ಹೀಗೆ ಪುಸ್ತಕ ಮುಚ್ಚಿದಂತೆ ಮಾಡುತ್ತಾ ಹೋದೆ. ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು, ವಾಸನೆ ಒಳ್ಳೆಯದಲ್ಲ. ತಣ್ಣಗಾದ ಮೇಲೆ ಒಂದು ಚೂರನ್ನು ಬಲವಾಗಿ ಎಳೆದಾಗ ಬೆಸುಗೆ ಬಿಡಲಿಲ್ಲ, ಪಕ್ಕದ ಫೋಮೇ ಹರಿಯಿತು.

ಈಗ ಎತ್ತರದ ತಪ್ಪಿಗೆ ಬರುತ್ತೇನೆ. ಮಗಳನ್ನು ಕೂರಿಸಿ ಪಾದ ಇರಿಸಿದಾಗ ಅವಳ ಮೊಣಕಾಲುಗಳು ಕಪ್ಪೆಯ ಮೊಣಕಾಲಿನ ಹಾಗೆ ಮೇಲೆದ್ದಿದ್ದವು. ತೊಡೆಯ ಅಡಿಯಲ್ಲಿ ನನ್ನ ಎರಡು ಬೆರಳು ಸಲೀಸಾಗಿ ತೂರಿದವು. ತೊಡೆ ಎದ್ದಷ್ಟೂ ಸೊಂಟ ಹಿಂದಕ್ಕೆ ವಾಲಿ, ಯಾವ ಜಾರುಭಂಗಿಯನ್ನು ತಪ್ಪಿಸಲು ಹೊರಟಿದ್ದೆನೋ ಅದನ್ನೇ ನನ್ನ ದಿಮ್ಮಿ ಮಾಡಿಸುತ್ತಿತ್ತು. ಬರಿಗಾಲನ್ನು ಅಳೆದಿದ್ದೆ, ಶೂ 2 ಸೆಂ.ಮೀ. ಸೇರಿಸಿತ್ತು. ಖಾಲಿ ಸೀಟಿನ ಅಂಚನ್ನು ಅಳೆದಿದ್ದೆ, ಮಗು ಕೂತಾಗ ಕಾರಿನ ಮೆತ್ತೆ 1.5 ಸೆಂ.ಮೀ. ತಗ್ಗುತ್ತಿತ್ತು. ಸರಿಯಾದ ಲೆಕ್ಕ 43.5ರಲ್ಲಿ 26.5 ಕಳೆದು 17 ಸೆಂ.ಮೀ. ಆದ್ದರಿಂದ ಮೂರು ಹಾಳೆಗಳ ಬೆಸೆದ ದಿಮ್ಮಿಯ ಮೇಲೆ 5 ಸೆಂ.ಮೀ. ಹಾಳೆಯ ಬದಲು 2 ಸೆಂ.ಮೀ. ಹಾಳೆ ಬಂತು. ಅದನ್ನು ಬೆಸೆಯದೆ, ಹೊದಿಕೆಯೊಳಗೆ ಬಿಡಿಯಾಗಿಯೇ ಇಟ್ಟೆ. ಅಳೆಯುವವರು ಮಗುವನ್ನು ಶೂ ಸಮೇತ ಕೂರಿಸಿ, ಬೆಲ್ಟು ಬಿಗಿದು, ಆಮೇಲೆಯೇ ಟೇಪು ಹಿಡಿಯಬೇಕು.

ಹೊದಿಕೆಯ ಹೊಲಿಗೆ ದಿಂಬಿನ ಕವರಿಗಿಂತ ಕಷ್ಟದ್ದೇನಲ್ಲ. 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಜಿಪ್ ಅಡಿಭಾಗಕ್ಕೆ. ಅಂಟಿನ ಬೆನ್ನಿರುವ ವೆಲ್ಕ್ರೋ ಬಿಸಿಲಿಗೆ ಏನಾಗುತ್ತದೆಂದು ಆ ಹೊತ್ತಿಗೆ ಊಹಿಸಬಲ್ಲವಳಾಗಿದ್ದೆ. ಹೊಲಿಯುವ ಬಗೆಯದನ್ನೇ ತಂದು, ಅದರ ಮುಳ್ಳಿನ ಬದಿಯನ್ನು 5 ಸೆಂ.ಮೀ. ಅಗಲದ ಮೂರು ಪಟ್ಟೆಗಳಾಗಿ ಅಡಿಗೆ ಹೊಲಿದೆ. ಇದು ಕಾರಿನ ನೆಲದ ಕಾರ್ಪೆಟ್ಟನ್ನು ನೇರವಾಗಿ ಕಚ್ಚುತ್ತದೆ. ಮೇಲೆ ಹಾಸಿದ ಬಿಡಿ ಮ್ಯಾಟಿಗೆ ಕಚ್ಚಿಸಿದರೆ ಮ್ಯಾಟಿನ ಸಮೇತ ಜಾರುತ್ತದೆ, ಹಾಗಾಗಿ ಆ ಜಾಗದ ಮ್ಯಾಟು ಹೊರಬಂತು. ಕಾರ್ಪೆಟ್ಟು ಉಂಗುರದೆಳೆಯದಾಗಿದ್ದರೆ ಹಿಡಿತ ಚೆನ್ನಾಗಿರುತ್ತದೆ, ಎಳೆಯ ತುದಿ ಕತ್ತರಿಸಿದ ಬಗೆಯದಾದರೆ ಅಷ್ಟಕ್ಕಷ್ಟೆ.

ಸಿದ್ಧವಾದ ದಿಮ್ಮಿ 700 ಗ್ರಾಂ ತೂಗಿತು. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಸಿಕ್ಕಿಸಿ ಮುಂದಕ್ಕೆ ಎಳೆದಾಗ 9 ಕೆ.ಜಿ. ಬಲಕ್ಕೆ ವೆಲ್ಕ್ರೋ ಬಿಟ್ಟುಕೊಂಡಿತು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ದಿಮ್ಮಿಯ ಮೇಲೆ ಬೀಳುವ ಬಲ ಹೆಚ್ಚೆಂದರೆ ಅದರ ತೂಕದಷ್ಟೇ, ಅಂದರೆ ಮುಕ್ಕಾಲು ಕೆ.ಜಿ.ಯೊಳಗೆ, ಮಗು ತುಳಿಯುವುದನ್ನು ಸೇರಿಸಿದರೂ ಹಿಡಿತ ಸಾಕು. ದೊಡ್ಡ ಗುದ್ದಿನಲ್ಲಿ ಈ ಬಲ ತೂಕದ 20 ಪಟ್ಟಿಗೂ ಮೀರುವುದರಿಂದ ದಿಮ್ಮಿ ಕಿತ್ತುಕೊಂಡು ಬರುವುದು ಖಂಡಿತ. ಅದನ್ನು ತಡೆಯಲು ನಾನು ಹೋಗಲಿಲ್ಲ. ಕಿತ್ತು ಬಂದರೆ ಅದು ಹೋಗುವುದು ಮುಂದಿನ ಸೀಟಿನ ಬೆನ್ನಿನ ಬುಡಕ್ಕೆ, ಮಗುವಿನಿಂದ ದೂರಕ್ಕೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 68 ಜೂಲ್, ಹಲಗೆಯದು 180 ಜೂಲ್ ದಾಟುತ್ತಿತ್ತು, ಅದೂ ಗಟ್ಟಿ ಮೂಲೆಗಳೊಂದಿಗೆ. ಮುಂದಿನ ಸೀಟಿನ ಅಡಿಯ ಸಂದು 11 ಸೆಂ.ಮೀ. ಮಾತ್ರ ಇರುವುದರಿಂದ ದಿಮ್ಮಿ ಅದರೊಳಗೆ ನುಸುಳಲಾರದು. ಮೇಲಾಗಿ ಮಗಳು ಕೂರುವುದು ಚಾಲಕರ ಹಿಂದೆಯಲ್ಲ. ಚಾಲಕರ ಹಿಂದೆ ಇಡುವುದಾದರೆ, ಯಾವ ವಸ್ತುವೂ ಉರುಳಿ ಪೆಡಲ್ಲಿನ ಕೆಳಗೆ ಸೇರದಂತೆ ನೋಡಿಕೊಳ್ಳುವ ಹೊಣೆ ಇನ್ನೂ ದೊಡ್ಡದು. ನಮ್ಮ ಸೀಟಿಗೆ ನೆಲಕ್ಕೆ ಊರುವ ಆಧಾರಗಾಲಿಲ್ಲ. ಅದು ಇರುವ ಸೀಟುಗಳಲ್ಲಿ ದಿಮ್ಮಿ ಆ ಕಾಲಿಗೆ ತಾಗಲೂಬಾರದು, ಅದರ ಪಾದದಡಿಗೆ ಹೋಗಲೂಬಾರದು.

ದಿಮ್ಮಿ ಇಟ್ಟ ಮೇಲೆ ಸೀಟಿನ ಎರಡು ಮಾಮೂಲಿ ತಪಾಸಣೆಗಳನ್ನು ಮತ್ತೆ ಮಾಡಿದೆ. ಹೆಗಲಿನ ಬಳಿ ಬೆಲ್ಟನ್ನು ಹೆಬ್ಬೆರಳು ತೋರುಬೆರಳಿನಿಂದ ಚಿವುಟಿದರೆ ಮಡಿಕೆ ಸಿಗಬಾರದು, ಸಿಗಲಿಲ್ಲ. ಕೊಂಡಿಯ ಮಟ್ಟದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ 2.5 ಸೆಂ.ಮೀ.ಗಿಂತ ಹೆಚ್ಚು ಆಡಬಾರದು, ಆಡಲಿಲ್ಲ. ದಿಮ್ಮಿ ಇದ್ದರೂ ತೆಗೆದರೂ ಎರಡೂ ಒಂದೇ ರೀತಿ ಇದ್ದದ್ದು ನನಗೆ ಬೇಕಾಗಿದ್ದ ಉತ್ತರ. ತೊಡೆ ಈಗ ಮೆತ್ತೆಗೆ ಪೂರ್ತಿ ಕೂತಿತ್ತು, ಬೆರಳು ತೂರಲಿಲ್ಲ.

ಮೊದಲ ಮೂರು ಗಂಟೆಯ ಪ್ರಯಾಣದಲ್ಲಿ ಇರುವೆಗಳ ಸುದ್ದಿ ಬರಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ ನಡೆಸಿದೆವು, ಅದನ್ನು ಯಾವ ಕಾಲ್ಮಣೆಯೂ ತಪ್ಪಿಸಬಾರದು. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವಳ ಬೆನ್ನು ಸೀಟಿಗೆ ಒರಗಿಯೇ ಇತ್ತು. ಒಂದು ನಷ್ಟವೂ ಆಗಿದೆ: ಕಾಲಿಗೆ ಆಸರೆ ಸಿಕ್ಕಿದ್ದರಿಂದ ಮುಂದಿನ ಸೀಟಿಗೆ ಒದೆಯುವ ಕಲೆಯಲ್ಲಿ ಅವಳು ಬಹಳ ಮುಂದುವರಿದಿದ್ದಾಳೆ, ಮುಂದೆ ಕೂರುವ ಅವಳ ಅಜ್ಜಿಯ ಬೆನ್ನು ಇದಕ್ಕೆ ಸಾಕ್ಷಿ.

ಇದು ನಡೆದು ಏಳು ತಿಂಗಳಾಯಿತು. ಕಳೆದ ವಾರ ಅಳೆದಾಗ ಮೊಣಕಾಲಿನ ಎತ್ತರ ಶೂ ಸೇರಿ 28 ಸೆಂ.ಮೀ. ಮುಟ್ಟಿತ್ತು, ತೊಡೆಯ ಅಡಿಯಲ್ಲಿ ಒಂದು ಬೆರಳು ಮತ್ತೆ ತೂರತೊಡಗಿತ್ತು. ಜಿಪ್ ತೆರೆದು ಬಿಡಿಯಾಗಿದ್ದ 2 ಸೆಂ.ಮೀ. ಹಾಳೆಯನ್ನು ಹೊರಗೆಳೆದೆ. ದಿಮ್ಮಿಯ ಎತ್ತರ ಈಗ 15 ಸೆಂ.ಮೀ.; ಸಡಿಲವಾದ ಹೊದಿಕೆಯನ್ನು ಒಳಗಿನಿಂದ ಒಂದು ಹೊಲಿಗೆ ಹಾಕಿ ಬಿಗಿಮಾಡುವುದು ಬಾಕಿಯಿದೆ.